ಕೋಳಿ ಕಾಲಿನ ನರದಲ್ಲಿ ಹುಟ್ಟುವ ನೇರಳೆ ಬೆಳಕು

ಮಣಿಪಾಲದ ನಮ್ಮ ಲ್ಯಾಬಿಗೆ ಹೊಸದಾಗಿ ಬಂದ ಮಕ್ಕಳಿಗೆ ನಾನು ಮೊದಲು ಕೊಡುವುದು ಒಂದು ಕೋಳಿ ಕಾಲು. ಅದರಲ್ಲಿ ಬಿಳಿ ದಾರದಂಥದ್ದು ಇರುತ್ತದಲ್ಲ, ಅಡುಗೆಮನೆಯಲ್ಲಿ ನಾವು ನರ ಅನ್ನುತ್ತೇವೆ. ನಿಜವಾಗಿ ಅದು ನರವಲ್ಲ, ಮಾಂಸವನ್ನು ಮೂಳೆಗೆ ಕಟ್ಟಿ ಹಿಡಿಯುವ ಹಗ್ಗ. ಅದರ ತೆಳು ಎಳೆಯೊಂದನ್ನು ಗಾಜಿನ ಮೇಲಿಟ್ಟು 800 ನ್ಯಾನೊಮೀಟರ್ ಅಲೆಯುದ್ದದ ಲೇಸರ್ ಬಿಡುತ್ತೇವೆ. ಕೆಂಪಿನ ಆಚೆಗಿನ, ಕಣ್ಣಿಗೆ ಹೆಚ್ಚುಕಡಿಮೆ ಕಾಣದ ಬೆಳಕು ಅದು. ಎಳೆಯನ್ನು ದಾಟಿ ಬಂದದ್ದರಲ್ಲಿ 400 ನ್ಯಾನೊಮೀಟರಿನ ನೇರಳೆಯೂ ಇರುತ್ತದೆ. ಅಲೆಯುದ್ದ ಸರಿಯಾಗಿ ಅರ್ಧ. ನಾವು ಯಾವ ಬಣ್ಣವನ್ನೂ ಹಚ್ಚಿಲ್ಲ. ಬೆಳಕನ್ನು ಬದಲಿಸಿದ್ದು ಎಳೆಯಲ್ಲಿರುವ ಕೊಲ್ಯಾಜೆನ್ ಎಂಬ ಪ್ರೋಟೀನ್.

"ಇದು ರಾಮನ್ ಪರಿಣಾಮ ಅಲ್ವಾ ಸರ್?" ಅಂತ ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. ಅಲ್ಲ. 1928ರಲ್ಲಿ ರಾಮನ್ ಕಂಡದ್ದರಲ್ಲಿ ಬೆಳಕು ಅಣುವಿಗೆ ಸ್ವಲ್ಪ ಶಕ್ತಿ ಕೊಡುತ್ತದೆ, ಇಲ್ಲವೇ ಅದರಿಂದ ಪಡೆಯುತ್ತದೆ. ಇಲ್ಲಿ ಎರಡು ಫೋಟಾನ್, ಅಂದರೆ ಬೆಳಕಿನ ಕಣಗಳು, ಕೂಡಿ ಒಂದಾಗುತ್ತವೆ. ಪ್ರೋಟೀನ್ ತನಗಾಗಿ ಏನನ್ನೂ ಇಟ್ಟುಕೊಳ್ಳುವುದಿಲ್ಲ.

ಇದನ್ನು ಮೊದಲು ಕಂಡದ್ದು 1961ರಲ್ಲಿ, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ, ಕ್ವಾರ್ಟ್ಜ್ ಹರಳಿನಲ್ಲಿ. ಹೊಸ ಬೆಳಕು ಫೋಟೊದಲ್ಲಿ ಮೂಡಿಸಿದ್ದ ಪುಟ್ಟ ಚುಕ್ಕೆಯನ್ನು ವಿಜ್ಞಾನ ಪತ್ರಿಕೆಯವರು ಕೊಳೆ ಅಂದುಕೊಂಡು ಅಳಿಸಿಬಿಟ್ಟರಂತೆ. ಅಚ್ಚಾದ ಚಿತ್ರದಲ್ಲಿ ಬಾಣದ ಗುರುತಿದೆ, ಚುಕ್ಕೆ ಇಲ್ಲ.

ಹರಳು ಮಾಡುವ ಕೆಲಸವನ್ನು ಮಾಂಸದ ಹಗ್ಗ ಹೇಗೆ ಮಾಡುತ್ತದೆ? ಕಡಲ ಕಡೆಗೆ ಬಾಗಿದ ತೆಂಗಿನ ಮರವನ್ನು ನೆನೆಸಿಕೊಳ್ಳಿ. ತಂಗಾಳಿಗೆ ಅದು ಎರಡೂ ಕಡೆ ಹೆಚ್ಚುಕಡಿಮೆ ಸಮನಾಗಿ ತೂಗುತ್ತದೆ. ಗಾಳಿ ಜೋರಾದಾಗ ಬಾಗಿದ ಕಡೆಗೆ ಜಾಸ್ತಿ, ಹಿಂದಕ್ಕೆ ಕಡಿಮೆ. ಕೊಲ್ಯಾಜೆನ್‌ನ ಎಲೆಕ್ಟ್ರಾನ್‌ಗಳೂ ಹಾಗೆಯೇ. ಬೆಳಕು ಜೋರಾಗಿ ತಳ್ಳಿದಾಗ ಅವುಗಳ ತೂಗಾಟ ಒಂದು ಕಡೆಗೆ ವಾಲುತ್ತದೆ. ಆ ವಾಲಿಕೆಯಿಂದಲೇ ಎರಡು ಪಟ್ಟು ವೇಗದ ಕಂಪನ, ಅಂದರೆ ಅರ್ಧ ಅಲೆಯುದ್ದದ ನೇರಳೆ, ಹುಟ್ಟುತ್ತದೆ. ಬೆಳಕು ಅಷ್ಟು ಜೋರಾಗಿ ತಳ್ಳಲಿ ಅಂತಲೇ ನಮ್ಮ ಲೇಸರ್ ಸೆಕೆಂಡಿಗೆ ಸುಮಾರು 8 ಕೋಟಿ ಸಲ ಮಿಣುಕುತ್ತದೆ. ಮಿಣುಕು ಒಂದೊಂದೂ 100 ಫೆಮ್ಟೊಸೆಕೆಂಡಿನಷ್ಟು, ಅಂದರೆ ಸೆಕೆಂಡನ್ನು ಹತ್ತು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಾಲಿನಷ್ಟು, ಚಿಕ್ಕದು. ಬೆಳಕು ಆ ಕ್ಷಣಕ್ಕೆ ಭಾರೀ ಜೋರಾಗಿರುತ್ತದೆ, ಎಳೆ ಮಾತ್ರ ಸುಡುವುದಿಲ್ಲ.

ಒಂದು ಅಣು ವಾಲಿದರೆ ಸಾಲದು, ಎಲ್ಲವೂ ಸಾಲಾಗಿ ಒಂದೇ ರೀತಿ ವಾಲಬೇಕು. ಮಲ್ಪೆ ಬಂದರಿನಲ್ಲಿ ದೋಣಿ ಕಟ್ಟುವ ಮೂರೆಳೆಯ ಹಗ್ಗ ನೋಡಿದ್ದೀರಲ್ಲ? ಕೊಲ್ಯಾಜೆನ್ ಅಣುವೂ ಮೂರೆಳೆ ಹೊಸೆದ ಹಗ್ಗ. ಉದ್ದ ಸುಮಾರು 300 ನ್ಯಾನೊಮೀಟರ್, ದಪ್ಪ ಒಂದೂವರೆ. ಅಂಥವು ಸಾಲುಗಟ್ಟಿ ನಾರಾಗುತ್ತವೆ. ನೀರಿಗೆ, ಕೊಬ್ಬಿಗೆ ಈ ಶಿಸ್ತಿಲ್ಲ. ಸ್ನಾಯುವಿನಲ್ಲಿರುವ ಮಯೋಸಿನ್ ಎಂಬ ಪ್ರೋಟೀನಿಗೆ ಇದೆ, ಅದೂ ನೇರಳೆ ಕೊಡುತ್ತದೆ.

ಅದೇ ಕೋಳಿ ಕಾಲನ್ನು ಬೇಯಿಸಿ ತಂದು ನೋಡಿ. ಸುಮಾರು 60 ಡಿಗ್ರಿ ದಾಟಿದ ಮೇಲೆ ಹೊಸೆದ ಎಳೆ ಬಿಚ್ಚಿಕೊಳ್ಳುತ್ತದೆ. ಸಾರು ಅಂಟಂಟಾಗುವುದೂ ಅದರಿಂದಲೇ. ಪ್ರೋಟೀನ್ ಅಲ್ಲೇ ಇದೆ, ನೇರಳೆ ಮಾತ್ರ ಆರಿಹೋಗಿರುತ್ತದೆ. ಈ ಪ್ರಯೋಗ ನನಗೆ ತುಂಬ ಇಷ್ಟ. ನಾವು ನೋಡುತ್ತಿರುವುದು ಪ್ರೋಟೀನಿನ ಜೋಡಣೆಯನ್ನು ಅಂತ ಮಕ್ಕಳಿಗೆ ಆಗ ತಾನೇ ಹೊಳೆಯುತ್ತದೆ.

ಒಂದು ಎಚ್ಚರಿಕೆ. ಕೊಲ್ಯಾಜೆನ್ ಬೆಳಕು ಹೀರಿ, ಅದರ ಶಕ್ತಿಯಲ್ಲಿ ಸ್ವಲ್ಪ ತಾನಿಟ್ಟುಕೊಂಡು, ಫ್ಲೋರೆಸೆನ್ಸ್ ಎಂಬ ಬೇರೆ ಬೆಳಕನ್ನು ಸೂಸುವುದೂ ಉಂಟು. ಲೇಸರಿನ ಶಕ್ತಿ ಎರಡು ಪಟ್ಟು ಮಾಡಿದಾಗ ಬೆಳಕು ನಾಲ್ಕು ಪಟ್ಟಾಯಿತು ಅಂದ ಮಾತ್ರಕ್ಕೆ ಅದು ನಮ್ಮ ನೇರಳೆಯೇ ಅಂತ ನಂಬಬೇಡಿ. ಎರಡು ಫೋಟಾನ್ ಹೀರಿ ಬರುವ ಫ್ಲೋರೆಸೆನ್ಸ್ ಕೂಡ ಹಾಗೇ ಏರುತ್ತದೆ. ನಾವು ಲೇಸರನ್ನು 820ಕ್ಕೆ ತಿರುಗಿಸುತ್ತೇವೆ. ನೇರಳೆ 410ಕ್ಕೆ ಸರಿದರೆ ಸರಿ. ಇದ್ದಲ್ಲೇ ಇದ್ದರೆ ಅದು ಫ್ಲೋರೆಸೆನ್ಸ್.

ಇಷ್ಟೆಲ್ಲ ಯಾಕೆ ಬೇಕು? ಅಡಿಕೆ, ಗುಟ್ಕಾ ಜಗಿದು ಬಾಯಿ ಬಿಗಿದವರನ್ನು ನಮ್ಮ ಕರಾವಳಿಯ ದಂತವೈದ್ಯರು ನೋಡುತ್ತಲೇ ಇರುತ್ತಾರೆ. ಕೆನ್ನೆಯ ಒಳಪದರದ ಕೆಳಗೆ ಕೊಲ್ಯಾಜೆನ್ ಕೂಡುತ್ತಾ ಹೋಗುತ್ತದೆ. ಕೆಲವರಲ್ಲಿ ಅದು ಕ್ಯಾನ್ಸರಿಗೂ ತಿರುಗುತ್ತದೆ. ಅಲ್ಲಿಂದ ತೆಗೆದ ಸಣ್ಣ ತುಣುಕಿನಲ್ಲಿ ನಾರು ಎಷ್ಟು ದಟ್ಟ, ಯಾವ ದಿಕ್ಕಿಗಿದೆ ಎಂದು ಈ ನೇರಳೆ ಬೆಳಕು ಬಣ್ಣ ಹಾಕದೆಯೇ ತೋರಿಸುತ್ತದೆ. ರೋಗ ನಿರ್ಧಾರಕ್ಕೆ ಪೆಥಾಲಜಿಯವರ ಸ್ಲೈಡ್ ಬೇಕೇ ಬೇಕು. ಆದರೆ ಸ್ಲೈಡಿನಲ್ಲಿ ಕಣ್ಣಂದಾಜಿಗೆ ಹೇಳುವುದನ್ನು ಇಲ್ಲಿ ಅಳೆಯಬಹುದು. ಹೀಗೆ ಕೂಡಿದ ನಾರು ಅಡಿಕೆ ಬಿಟ್ಟ ಮೇಲೂ ಸುಲಭಕ್ಕೆ ಕರಗುವುದಿಲ್ಲ. ಬಾಯಿ ಇನ್ನೂ ಚೆನ್ನಾಗಿ ತೆರೆಯುತ್ತಿರುವಾಗಲೇ ಅದು ಕಣ್ಣಿಗೆ ಬೀಳಬೇಕು ಎಂಬುದೇ ನನ್ನ ಆಸೆ.