ಅಳುವುದು ಬೇಡ, ಸುಮ್ನೆ ನುಡಿಸಿ

ಸ್ಕಾಟ್ಲೆಂಡಿನ ಪಿಟೀಲುಗಾರ ನೀಲ್ ಗೌ ತನ್ನ ಎರಡನೇ ಹೆಂಡತಿ ತೀರಿಕೊಂಡಾಗ ಒಂದು ಮಟ್ಟು ಕಟ್ಟಿದ. ಹೆಸರೇ 'ಎರಡನೇ ಹೆಂಡತಿಯ ಸಾವಿಗೆ ನೀಲ್ ಗೌ ಶೋಕ' ಅಂತ. ಅದನ್ನು ಕಲಿಯಲು ಕೊಟ್ಟರೆ ಸಾಕು, ನನ್ನ ವಿದ್ಯಾರ್ಥಿಗಳು ಕಮಾನು ಎತ್ತುವ ಮೊದಲೇ ಮುಖ ಸಪ್ಪೆ ಮಾಡುತ್ತಾರೆ. ಲಯ ಅರ್ಧಕ್ಕೆ ಇಳಿಯುತ್ತದೆ. ಪ್ರತಿ ಸ್ವರಕ್ಕೂ ಬೆರಳು ನಡುಗುತ್ತದೆ, ಕರ್ನಾಟಕ ಸಂಗೀತ ಕಲಿತು ಬಂದವರಾದರೆ ಗಾಂಧಾರಕ್ಕೆ ಒಂದು ಜಾರು ಬೇರೆ. ಯಾಕ್ರೀ?

ಇದು ಪಾಶ್ಚಾತ್ಯ ಸಂಗೀತದ ಡಿ ಮೇಜರ್ ಸ್ವರಶ್ರೇಣಿ. ನಮ್ಮ ಲೆಕ್ಕದಲ್ಲಿ ಶಂಕರಾಭರಣ ರಾಗದ ಸ್ವರಗಳು. ದುಃಖ ಅಂದರೆ ಮೈನರ್ ಅನ್ನುವ ಇನ್ನೊಂದು ಬಗೆಯ ಶ್ರೇಣಿಯೇ ಅಂತ ಯಾರೋ ತಲೆಗೆ ತುಂಬಿರುತ್ತಾರೆ. ಅದಕ್ಕೇ ಇಲ್ಲಿ ದುಃಖ ಸಾಲದು ಅನ್ನಿಸಿ, ಉಪ್ಪು ಬಿದ್ದ ಸಾರಿಗೆ ಇನ್ನೊಮ್ಮೆ ಉಪ್ಪು ಹಾಕಿದ ಹಾಗೆ, ತಮ್ಮ ಕೈಯಿಂದ ಸೇರಿಸುತ್ತಾರೆ.

ಗೌ 1727ರಲ್ಲಿ ಹುಟ್ಟಿದವನು, ಪರ್ತ್‌ಶೈರಿನ ಇನ್ವರ್ ಊರಿನವನು. ಕುಣಿತಕ್ಕೆ ನುಡಿಸುವುದೇ ಕಸುಬು. ಕಮಾನನ್ನು ಮೇಲಕ್ಕೆ ತಳ್ಳುವಾಗ ನಮ್ಮೆಲ್ಲರ ಕೈಬಲ ಕುಂದುತ್ತದೆ, ಅವನದು ಕುಂದುತ್ತಿರಲಿಲ್ಲ ಅಂತ ಹೆಸರು. ಮಾರ್ಗರೆಟ್ ಅರ್ಕರ್ಟಳನ್ನು 1768ರಲ್ಲಿ ಮದುವೆಯಾದ, ಆಕೆ 1805ರಲ್ಲಿ ಹೋದಳು. "ಎರಡನೇ ಹೆಂಡತಿಗಾ ಸಾರ್ ಇಷ್ಟೆಲ್ಲಾ?" ಅಂತ ನಗುವವರಿಗೆ ನಾನು ಈ ಎರಡು ಇಸವಿಗಳಲ್ಲಿ ಒಂದರಿಂದ ಇನ್ನೊಂದನ್ನು ಕಳೆದು ನೋಡಲು ಹೇಳುತ್ತೇನೆ.

ಮಟ್ಟಿನಲ್ಲಿ ಎರಡೇ ಭಾಗ. ಮೊದಲನೆಯದು ತೊಟ್ಟಿಲು ತೂಗಿದ ಹಾಗೆ ಶಾಂತವಾಗಿ ಸಾಗುತ್ತದೆ. ಎರಡನೆಯದು ಮೇಲಕ್ಕೇರಿ, ಅಲ್ಲಿ ನಿಲ್ಲಲಾರದೆ, ಮತ್ತೆ ಷಡ್ಜಕ್ಕೆ ಇಳಿದು ಬರುತ್ತದೆ. ಕರುಳು ಹಿಂಡುವುದು ಆ ಇಳಿತ. ತೀರಾ ನಿಧಾನ ಮಾಡಿದರೆ ಏರಿದ್ದೇ ಕೇಳುವವರಿಗೆ ಮರೆತುಹೋಗಿರುತ್ತದೆ, ಆಮೇಲೆ ಇಳಿದರೇನು ಬಿಟ್ಟರೇನು! ಮತ್ತೆ ಹೇಳುತ್ತೇನೆ: ದುಃಖ ಮಟ್ಟಿನ ಒಳಗೇ ಇದೆ, ನೀವು ತರಬೇಕಾಗಿಲ್ಲ. ಹಾಗಂತ ಬೆರಳು ನಡುಗಲೇಬಾರದು ಅಂತಲ್ಲ. ಉದ್ದ ಸ್ವರಗಳಿಗೆ ಸ್ಕಾಟ್ಲೆಂಡಿನ ಒಳ್ಳೆಯ ಪಿಟೀಲುಗಾರರೂ ಸ್ವಲ್ಪ ಹಾಕುತ್ತಾರೆ, ಒಬ್ಬೊಬ್ಬರದು ಒಂದೊಂದು ರೀತಿ.

ಹನ್ನೆರಡರ ಹುಡುಗಿಯೊಬ್ಬಳಿಗೆ ಹೆಸರು ಹೇಳದೆ ಇದನ್ನು ಕಲಿಸಿದ್ದೆ. ನೆಟ್ಟಗೆ, ಸರಳವಾಗಿ ನುಡಿಸಿದಳು. ಕರೆದುಕೊಂಡು ಹೋಗಲು ಬಂದಿದ್ದ ಅವಳ ಅಜ್ಜಿ ಚಪ್ಪಲಿ ಮೆಟ್ಟುವುದು ಬಿಟ್ಟು ಬಾಗಿಲಲ್ಲೇ ನಿಂತರು. ನನಗೂ ಖುಷಿಯಾಗಿ, ತಡೆಯಲಾರದೆ ಗೌ ಕಥೆಯನ್ನೆಲ್ಲ ಹೇಳಿಬಿಟ್ಟೆ. ಮುಂದಿನ ವಾರ ಬಂದು ಕಣ್ಣು ಮುಚ್ಚಿ, ತಲೆ ಓರೆ ಮಾಡಿ, ಎಳೆದೆಳೆದು ನುಡಿಸಿದಳು. ಪೂರ್ತಿ ಕೆಟ್ಟುಹೋಯಿತು.

ಈಗ ಹಾಳೆಯ ಮೇಲಿನ ಹೆಸರು ಮುಚ್ಚಿ ಝೆರಾಕ್ಸ್ ಮಾಡಿಸಿಕೊಡುತ್ತೇನೆ.