ಎಲ್ಲವೂ ನಿಧಾನದ ಹಾಡುಗಳೇ ಆದರೆ ಬೇಸರ ಬರುವುದಿಲ್ಲವೇ?

ಪ್ರಶ್ನೆ: ಈಚೆಗೆ ಅಮೆರಿಕದ ಕಪ್ಪು ಜನರ ಸೋಲ್ ಸಂಗೀತ ಕೇಳಲು ಶುರುಮಾಡಿದ್ದೇನೆ. ‘ದಿ ಸ್ಟೈಲಿಸ್ಟಿಕ್ಸ್’ ತಂಡದ ಮೊದಲ ಆಲ್ಬಂನಲ್ಲಿ ಹೆಚ್ಚಿನವು ಬ್ಯಾಲಡ್‌ಗಳೇ (ಲಾವಣಿಯಲ್ಲ, ನಿಧಾನಗತಿಯ ಪ್ರೇಮಗೀತೆಗಳು). ಆಗಿನ ಕೇಳುಗರು ಇದನ್ನು ಹೇಗೆ ಸಹಿಸಿಕೊಂಡರು?

ಉತ್ತರ: ಸಹಿಸಿಕೊಳ್ಳುವ ಮಾತೇ ಬರಲಿಲ್ಲ, ಮುಗಿಬಿದ್ದು ಕೇಳಿದರು. 1971ರಲ್ಲಿ ಬಂದ ಈ ಆಲ್ಬಂನ ಐದು ಹಾಡುಗಳು ಅಮೆರಿಕದ ಸೋಲ್ ಜನಪ್ರಿಯತೆಯ ಪಟ್ಟಿಯ ಮೊದಲ ಹತ್ತರೊಳಗೆ ಸೇರಿದವು. ‘ಬೆಚಾ ಬೈ ಗಾಲಿ, ವಾವ್’ ಮರುವರ್ಷ ಪಾಪ್ ಪಟ್ಟಿಯಲ್ಲೂ 3ನೆಯ ಸ್ಥಾನಕ್ಕೇರಿತು.

ಗತಿ ನಿಧಾನವಾದರೂ ಹಾಡಿನೊಳಗೆ ಏನಾದರೊಂದು ನಡೆಯುತ್ತಲೇ ಇರುತ್ತದೆ. ಅದು ಫಿಲಡೆಲ್ಫಿಯಾದ ಸಿಗ್ಮಾ ಸೌಂಡ್ ಸ್ಟುಡಿಯೋದಲ್ಲಿ ಕೂತು ವಾದ್ಯ ಸಂಯೋಜಿಸಿದ ನಿರ್ಮಾಪಕ ಥಾಮ್ ಬೆಲ್ ಅವರ ಕೈಚಳಕ. ‘ಯು ಆರ್ ಎವ್ರಿಥಿಂಗ್’ ಹಾಡನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಶುರುವಿನಲ್ಲೇ ಎಲೆಕ್ಟ್ರಿಕ್ ಸಿತಾರ್ ಮಿಡಿಯುತ್ತದೆ. ಹೆಸರು ಸಿತಾರ್ ಆದರೂ ಅದು ಗಿಟಾರಿನ ಜಾತಿಯದೇ. ತಂಬೂರಿಯ ತಂತಿಯಡಿ ಜೀವಾಳದ ನೂಲೆಳೆ ಕೂಡಿಸಿದಾಗ ಏಳುವಂಥ ಝೇಂಕಾರ ಅದರ ತಂತಿಯಲ್ಲಿದೆ. ಬೀದಿಯಲ್ಲಿ ತನ್ನ ಪ್ರೇಯಸಿಯಂತೆಯೇ ನಡೆದುಹೋದ ಯಾರನ್ನೋ ಕಂಡು ಅವಳೇ ಎಂದು ಹೆಸರು ಹಿಡಿದು ಕೂಗಿದವನ ಕಥೆ ಅದು. ಲಿಂಡಾ ಕ್ರೀಡ್ ಬರೆದ ಸಾಹಿತ್ಯ ಇಷ್ಟು ಸರಳವಾಗಿರುವುದರಿಂದಲೇ ಆ ಝೇಂಕಾರ ಎದೆಗೆ ನಾಟುತ್ತದೆ.

ಇನ್ನು ತಂಡದ ಮುಖ್ಯ ಗಾಯಕ ರಸೆಲ್ ಥಾಂಪ್ಕಿನ್ಸ್ ಜೂನಿಯರ್ ಅವರ ದನಿ. ನಮ್ಮಲ್ಲಿ ಕಳ್ಳದನಿ ಎಂದು ಮೂಗು ಮುರಿಯುವ ಫಾಲ್ಸೆಟ್ಟೊವನ್ನೇ (ಸಹಜ ದನಿಗಿಂತ ಮೇಲಿನ, ತೆಳುವಾದ ದನಿ) ಅವರು ಇಡೀ ಹಾಡಿಗೆ ನೆಚ್ಚಿಕೊಳ್ಳುತ್ತಾರೆ. ಎಲ್ಲೂ ಕಿರುಚುವುದಿಲ್ಲ, ಪ್ರತಿ ಅಕ್ಷರವೂ ಸ್ಪಷ್ಟ. ಅಷ್ಟು ಎತ್ತರದಲ್ಲಿ ಅಷ್ಟು ಮೆಲ್ಲಗೆ ಹಾಡುವವರನ್ನು ನಾನು ಹೆಚ್ಚು ಕೇಳಿಲ್ಲ.

ಬೆಲ್ ಅವರ ಪಾಲೆಷ್ಟು ಎಂದು ತಿಳಿಯಬೇಕಿದ್ದರೆ ಇದೇ ಆಲ್ಬಂನ ‘ಯು ಆರ್ ಎ ಬಿಗ್ ಗರ್ಲ್ ನೌ’ ಕೇಳಿ. ಅವರು ಬರುವ ಮುನ್ನ ಬೇರೆಯವರು ನಿರ್ಮಿಸಿದ್ದು. ದನಿ ಅದೇ, ಆದರೆ ಸುತ್ತ ಆ ಹೊಳಪಿಲ್ಲ.

ಎಲ್ಲವೂ ಪ್ರೇಮಗೀತೆಯಲ್ಲ ಎಂಬುದನ್ನೂ ಹೇಳಬೇಕು. ‘ಪೀಪಲ್ ಮೇಕ್ ದ ವರ್ಲ್ಡ್ ಗೋ ರೌಂಡ್’ ಗಾಳಿಯ ಸದ್ದಿನಿಂದ ಶುರುವಾಗಿ, ಸಂಬಳ ಹೆಚ್ಚಿಸಿ ಎಂದು ಕಸ ಎತ್ತುವುದನ್ನೇ ನಿಲ್ಲಿಸಿದ ಕಾರ್ಮಿಕರತ್ತ ಹೊರಳುತ್ತದೆ. 1972ರಲ್ಲೇ ಮೈಕಲ್ ಜಾಕ್ಸನ್ ಇದನ್ನು ತಮ್ಮ ಆಲ್ಬಂಗೆ ಹಾಡಿದರು. ಆಗ ಅವರಿನ್ನೂ ಹದಿಮೂರರ ಹುಡುಗ.