ಮಗು ಒಂದು ಕ್ಷಣವೂ ಸುಮ್ನೆ ಇರಲ್ಲ, ಫೋಟೋ ತೆಗೆಯೋದು ಹೇಗೆ?

ಓದುಗರ ಪ್ರಶ್ನೆ: ನನ್ನ ಮಗಳಿಗೆ ಒಂದೂವರೆ ವರ್ಷ. ಮೊಬೈಲ್ ಎತ್ತಿದ ಕೂಡಲೇ ಓಡುತ್ತಾಳೆ, ಇಲ್ಲವೇ ಮೊಬೈಲನ್ನೇ ಕಿತ್ತುಕೊಳ್ಳಲು ಬರುತ್ತಾಳೆ. ತೆಗೆದ ಫೋಟೋಗಳಲ್ಲಿ ಮುಕ್ಕಾಲು ಪಾಲು ಮಸುಕು. ಅವಳನ್ನು ಒಂದು ಕಡೆ ಕೂರಿಸಿ ಒಂದಾದರೂ ಒಳ್ಳೆಯ ಫೋಟೋ ತೆಗೆಯೋದು ಹೇಗೆ?

ಉತ್ತರ: ಮಕ್ಕಳ, ಮನೆಮಂದಿಯ ಫೋಟೋ ತೆಗೆಯುವುದೇ ನನ್ನ ಕೆಲಸ. ಈ ಪ್ರಶ್ನೆಯನ್ನು ಎಷ್ಟು ಅಪ್ಪ ಅಮ್ಮಂದಿರು ಕೇಳಿದ್ದಾರೋ ಲೆಕ್ಕವಿಲ್ಲ. ನೇರವಾಗಿ ಹೇಳಿಬಿಡುತ್ತೇನೆ, ಅವಳನ್ನು ಕೂರಿಸುವ ಆಸೆ ಬಿಟ್ಟುಬಿಡಿ. ಅವಳು ಓಡುತ್ತಲೇ ಇರಲಿ. ಬದಲಾಗಬೇಕಾದ್ದು ನೀವು ನಿಂತಿರುವ ಜಾಗ, ಬೆಳಕು, ಮತ್ತೆ ಮೊಬೈಲಿನ ಒಂದೆರಡು ಸೆಟ್ಟಿಂಗ್.

ನಿಮ್ಮ ಕಷ್ಟ ಕ್ಯಾಮೆರಾದಷ್ಟೇ ಹಳೆಯದು. 1839ರಲ್ಲಿ ಫ್ರಾನ್ಸಿನ ಲೂಯಿ ಡಾಗೆರ್ ಫೋಟೋ ತೆಗೆಯುವ ತನ್ನ ವಿಧಾನವನ್ನು ಲೋಕದ ಮುಂದಿಟ್ಟಾಗ ಒಂದು ಚಿತ್ರ ಮೂಡಲು ನಿಮಿಷಗಟ್ಟಲೆ ಬೇಕಿತ್ತು. ಮುಂದೆ ಅದು ಸೆಕೆಂಡುಗಳಿಗೆ ಇಳಿಯಿತು. ಆದರೆ ಕೂಸಿಗೆ ಆ ಸೆಕೆಂಡುಗಳೂ ಜಾಸ್ತಿಯೇ, ಅಲ್ವಾ? ಅದಕ್ಕೇ ಆಗಿನ ಸ್ಟುಡಿಯೋಗಳಲ್ಲಿ ಒಂದು ಉಪಾಯ ಮಾಡುತ್ತಿದ್ದರು. ಅಮ್ಮನನ್ನು ಕುರ್ಚಿ ಮೇಲೆ ಕೂರಿಸಿ, ತಲೆಯಿಂದ ಕಾಲಿನವರೆಗೆ ಬಟ್ಟೆ ಹೊದಿಸಿ, ತೊಡೆ ಮೇಲೆ ಮಗುವನ್ನು ಇಡುತ್ತಿದ್ದರು. ಬಟ್ಟೆಯೊಳಗಿಂದಲೇ ಅಮ್ಮ ಮಗು ಅಲುಗಾಡದಂತೆ ಹಿಡಿದುಕೊಳ್ಳುತ್ತಿದ್ದಳು. ಅಂಥ ಚಿತ್ರಗಳು ಇವತ್ತಿಗೂ ಉಳಿದಿವೆ. ‘ಹಿಡನ್ ಮದರ್’ ಚಿತ್ರಗಳು ಅಂತಲೇ ಅವಕ್ಕೆ ಹೆಸರು. ಕೆಲವದರಲ್ಲಿ ಬಟ್ಟೆಯ ಅಂಚಿನಿಂದ ಒಂದು ಕೈ ಇಣುಕುತ್ತದೆ, ಮಗುವಿನ ಸೊಂಟವನ್ನು ಬಳಸಿ ಹಿಡಿದ ಕೈ. ಅದನ್ನು ನೋಡಿದಾಗಲೆಲ್ಲ ನನಗೆ ಮಗುವಿನ ಮುಖಕ್ಕಿಂತ ಆ ಕೈ ಮೇಲೇ ಕಣ್ಣು ಹೋಗುತ್ತದೆ.

ನಮಗೆ ಈಗ ಆ ಕಷ್ಟ ಇಲ್ಲ. ಆದರೂ ಫೋಟೋ ಮಸುಕಾಗುತ್ತದೆ. ಯಾಕೆ ಅಂದರೆ, ಮನೆಯೊಳಗೆ ಬೆಳಕು ಕಡಿಮೆ ಇದ್ದಾಗ ಮೊಬೈಲ್ ತನ್ನಷ್ಟಕ್ಕೆ ತಾನೇ ಜಾಸ್ತಿ ಹೊತ್ತು ಬೆಳಕು ಕೂಡಿಸಿಕೊಳ್ಳುತ್ತದೆ. ಒಂದು ಚಿಕ್ಕ ಲೆಕ್ಕ ನೋಡಿ. ಮಗು ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಓಡುತ್ತಿದೆ ಅಂದುಕೊಳ್ಳಿ. ಶಟರ್, ಅಂದರೆ ಬೆಳಕನ್ನು ಒಳಗೆ ಬಿಡುವ ಬಾಗಿಲು, ಸೆಕೆಂಡಿನ 30ನೇ ಒಂದು ಭಾಗ ತೆರೆದಿದ್ದರೆ ಅಷ್ಟರಲ್ಲಿ ಮಗು ಸುಮಾರು 7 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಕಣ್ಣು, ಮೂಗು ಎಲ್ಲ ಕಲಸಿಹೋಗಲು ಅಷ್ಟು ಸಾಕು. ಅದೇ ಸೆಕೆಂಡಿನ 500ನೇ ಒಂದು ಭಾಗವಾದರೆ 4 ಮಿಲಿಮೀಟರ್ ಮಾತ್ರ. ಫೋಟೋ ಸ್ಪಷ್ಟವಾಗಿ ಬರುತ್ತದೆ.

ಹಾಗಾದರೆ ಮಾಡಬೇಕಾದ್ದು ಒಂದೇ, ಮೊಬೈಲಿಗೆ ಬೇಕಾದಷ್ಟು ಬೆಳಕು ಕೊಡುವುದು. ಮನೆಯ ದೊಡ್ಡ ಕಿಟಕಿ ಯಾವುದು ನೋಡಿ. ಅದರಿಂದ ಒಂದೆರಡು ಮೀಟರ್ ಒಳಗೆ ನೆಲದ ಮೇಲೆ ಅವಳ ಆಟದ ಸಾಮಾನು ಹರಡಿ. ಅವಳು ತಾನಾಗಿಯೇ ಅಲ್ಲಿಗೆ ಬರುತ್ತಾಳೆ. ಕಿಟಕಿ ನಿಮ್ಮ ಬೆನ್ನಿಗೋ ಪಕ್ಕಕ್ಕೋ ಇರಲಿ, ಅವಳ ಬೆನ್ನಿಗೆ ಬೇಡ. ಪಕ್ಕದಿಂದ ಬಂದ ಬೆಳಕಿನಲ್ಲಿ ಕೆನ್ನೆಯ ಗುಂಡಗಿನ ಆಕಾರ ಚೆನ್ನಾಗಿ ಕಾಣುತ್ತದೆ. ಬಿಸಿಲು ನೇರವಾಗಿ ಬೀಳುತ್ತಿದ್ದರೆ ತೆಳು ಪರದೆ ಎಳೆಯಿರಿ. ಮೇಲಿನ ಬಲ್ಬ್ ಆರಿಸಿಬಿಡಿ, ಇಲ್ಲದಿದ್ದರೆ ಮುಖದ ಒಂದು ಪಕ್ಕ ಹಳದಿ, ಇನ್ನೊಂದು ಪಕ್ಕ ನೀಲಿ ಬರುತ್ತದೆ. ಮೊಬೈಲಿನ ನೈಟ್ ಮೋಡ್ ಕೂಡ ಆಫ್ ಮಾಡಿ. ಅದು ಹಲವು ಚಿತ್ರಗಳನ್ನು ಸೇರಿಸಿ ಒಂದು ಮಾಡುವುದರಿಂದ ಓಡುವ ಮಕ್ಕಳಿಗೆ ಆಗಿಬರುವುದಿಲ್ಲ. ಕ್ಯಾಮೆರಾ ಇರುವವರು ಶಟರ್ ಸ್ಪೀಡನ್ನು 1/500ಕ್ಕೆ ಇಟ್ಟು, ಐಎಸ್‌ಒ (ಕಡಿಮೆ ಬೆಳಕಿನಲ್ಲೂ ಫೋಟೋ ಬೆಳಗಿಸುವ ಸೆಟ್ಟಿಂಗ್) ಎಷ್ಟು ಏರಿದರೂ ಏರಲಿ ಅಂತ ಬಿಡಿ. ಸ್ವಲ್ಪ ತರಿತರಿ ಕಂಡರೂ ಆ ಫೋಟೋ ಉಳಿಯುತ್ತದೆ, ಮಸುಕಾದದ್ದನ್ನು ಸರಿಮಾಡುವುದು ಬಲು ಕಷ್ಟ.

ಇನ್ನು ನೀವು ನೆಲಕ್ಕೆ ಬನ್ನಿ. ಇದನ್ನು ನಾನು ಎಲ್ಲಕ್ಕಿಂತ ಒತ್ತಿ ಹೇಳುತ್ತೇನೆ. ನಿಂತುಕೊಂಡು ತೆಗೆದರೆ ನೆತ್ತಿ ದೊಡ್ಡದಾಗಿ, ಕಾಲು ಚಿಕ್ಕದಾಗಿ ಕಾಣುತ್ತದೆ. ಮಂಡಿಯೂರಿ, ಇಲ್ಲವೇ ಬೋರಲು ಮಲಗಿ. ಮಗುವಿನ ಕಣ್ಣಿನ ಮಟ್ಟಕ್ಕೆ ಮೊಬೈಲ್ ಬಂದರೆ ಫೋಟೋದ ಸ್ವಭಾವವೇ ಬೇರೆಯಾಗುತ್ತದೆ. ತೀರಾ ಹತ್ತಿರ ಹೋಗಿ ತೆಗೆದರೆ ಮೂಗು ದಪ್ಪ ಬರುತ್ತದೆ. ಎರಡು ಹೆಜ್ಜೆ ಹಿಂದೆ ಸರಿದು, ದೂರದ್ದನ್ನು ಎರಡು ಪಟ್ಟು ಹತ್ತಿರ ತೋರಿಸುವ 2 ಎಕ್ಸ್ ಲೆನ್ಸ್ ಬಳಸಿ. ಮೊಬೈಲ್ ಕಿತ್ತುಕೊಳ್ಳುವ ಕಾಟವೂ ಇದರಿಂದ ಅರ್ಧ ಕಡಿಮೆಯಾಗುತ್ತದೆ. ಮೊಬೈಲಿನ ಬರ್ಸ್ಟ್ ಸೌಲಭ್ಯದಲ್ಲಿ (ಬಿಡದೆ ಒಂದರ ಹಿಂದೊಂದು ತೆಗೆಯುವುದು) ಸಾಲಾಗಿ ಹತ್ತಿಪ್ಪತ್ತು ತೆಗೆಯಿರಿ, ಒಂದೆರಡು ಇಟ್ಟುಕೊಂಡು ಉಳಿದದ್ದನ್ನು ಅವತ್ತೇ ಅಳಿಸಿ.

“ಇಲ್ಲಿ ನೋಡು, ನಗು” ಅನ್ನಬೇಡಿ. ಹಾಗೆಂದಾಗ ಬರುವುದು ಹಲ್ಲು ಕಿರಿದ ಮುಖ, ನಿಮ್ಮ ಮಗಳ ನಗು ಅಲ್ಲ. ಅವಳ ಕೈಗೆ ಏನಾದರೂ ಕೆಲಸ ಕೊಡಿ. ಒಮ್ಮೆ ಒಂದು ಮನೆಯಲ್ಲಿ ಎರಡು ವರ್ಷದ ಹುಡುಗನೊಬ್ಬ ಅರ್ಧ ಗಂಟೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅವನ ಅಮ್ಮನಿಗೆ ನಾಚಿಕೆಯೇ ಆಗಿಹೋಯಿತು. ನಾನು ನನ್ನ ಬ್ಯಾಗಿನಿಂದ ಒಂದು ಖಾಲಿ ಡಬ್ಬಿ ತೆಗೆದು ನೆಲದ ಮೇಲಿಟ್ಟು ಸುಮ್ನೆ ಕುಳಿತೆ. ಅವನು ಬಂದ. ಮುಚ್ಚಳ ತೆಗೆದ, ಹಾಕಿದ, ತೆಗೆದ. ತಿರುಗಿಸುವಾಗ ನಾಲಿಗೆಯ ತುದಿ ಎಡಗಡೆ ತುಟಿಯಿಂದ ಆಚೆ ಬರುತ್ತಿತ್ತು. ಕಾಲಿನ ಹೆಬ್ಬೆರಳು ಮೇಲೆದ್ದು ನಿಲ್ಲುತ್ತಿತ್ತು. ಹತ್ತನೇ ಸಲವೋ ಏನೋ, ಮುಚ್ಚಳ ಟಕ್ಕೆಂದು ಸರಿಯಾಗಿ ಕೂತಿತು. ಆಗ ತಲೆಯೆತ್ತಿ ಅಮ್ಮನನ್ನು ನೋಡಿದ. ಆ ಮನೆಯವರು ಆರಿಸಿಕೊಂಡದ್ದು ಅದೇ ಫೋಟೋ. “ನಮ್ಮ ಅಪ್ಪನೂ ಕೆಲಸ ಮಾಡುವಾಗ ಹೀಗೇ ನಾಲಿಗೆ ಹೊರಗೆ ಹಾಕುತ್ತಾರೆ” ಅಂದರು ಆ ತಾಯಿ. ಇಂಥದ್ದನ್ನು ಯಾರಾದರೂ ಹೇಳಿ ಮಾಡಿಸಲು ಆಗುತ್ತಾ?

ಹೊತ್ತೂ ನೋಡಿಕೊಳ್ಳಿ. ನಿದ್ದೆ ಮುಗಿಸಿ, ಹೊಟ್ಟೆ ತುಂಬಿದ ಮೇಲಿನ ಒಂದು ಗಂಟೆ ಚೆನ್ನಾಗಿರುತ್ತದೆ. ಅತ್ತರೆ ನಿಲ್ಲಿಸಿಬಿಡಿ, ನಾಳೆಯೂ ಇದೆ.

ಇನ್ನೂ ಎಳೆ ಕೂಸಿರುವ ಮನೆಯವರಿಗೂ ಒಂದೆರಡು ಮಾತು. ಹುಟ್ಟಿದ ಹೊಸದರಲ್ಲಿ ಮಗು ದಿನಕ್ಕೆ 14ರಿಂದ 17 ಗಂಟೆ ಮಲಗುತ್ತದೆ. 20ರಿಂದ 30 ಸೆಂಟಿಮೀಟರ್ ದೂರದಲ್ಲಿರುವುದು ಮಾತ್ರ ಅದಕ್ಕೆ ಒಂದಿಷ್ಟು ಸ್ಪಷ್ಟವಾಗಿ ಕಾಣುವುದು. ಎತ್ತಿಕೊಂಡವರ ಮುಖ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿರುತ್ತದೆ. ಹಾಗಾಗಿ ಕೂಸನ್ನು ಎತ್ತಿಕೊಂಡವರ ಜೊತೆಗೇ ತೆಗೆಯಿರಿ, ಅದು ಆ ಮುಖವನ್ನೇ ನೋಡುತ್ತಿರುತ್ತದೆ. ನಮ್ಮನ್ನು ನೋಡಿ ನಗಲು ಶುರುಮಾಡುವುದು ಸುಮಾರು ಆರರಿಂದ ಎಂಟು ವಾರಕ್ಕೆ, ಆಮೇಲೆ ಫೋಟೋ ತೆಗೆಯುವವರಿಗೆ ಹಬ್ಬ. ಒಂದು ಎಚ್ಚರಿಕೆ ಮಾತ್ರ ದಯವಿಟ್ಟು ಮರೆಯಬೇಡಿ. ಎರಡೂ ಅಂಗೈ ಮೇಲೆ ಗಲ್ಲ ಊರಿಕೊಂಡು ಕೂಸು ಮಲಗಿರುವ ಫೋಟೋ ನೋಡಿರುತ್ತೀರಿ. ಸರಿಯಾಗಿ ಕಲಿತವರು ಅದನ್ನು ಒಂದೇ ಸಲಕ್ಕೆ ತೆಗೆಯುವುದಿಲ್ಲ. ಒಂದರಲ್ಲಿ ತಲೆಯನ್ನು, ಇನ್ನೊಂದರಲ್ಲಿ ಕೈಗಳನ್ನು ದೊಡ್ಡವರೊಬ್ಬರು ಹಿಡಿದಿರುತ್ತಾರೆ. ಆಮೇಲೆ ಎರಡನ್ನೂ ಕಂಪ್ಯೂಟರಿನಲ್ಲಿ ಸೇರಿಸುತ್ತಾರೆ. ಮನೆಯಲ್ಲಿ ಅದನ್ನು ಮಾಡಿ ನೋಡಲೇಬೇಡಿ. ಕೂಸಿನ ಕತ್ತಿಗೆ ಆ ಬಲ ಇರುವುದಿಲ್ಲ. ಬೆನ್ನ ಮೇಲೆ ಮಲಗಿರುವ ಕೂಸಿನ ಮುಷ್ಟಿ, ಪಾದ, ಕಿವಿಯ ಮೇಲಿನ ನವಿರು ಕೂದಲು, ಇಷ್ಟನ್ನು ತೆಗೆದರೂ ಸಾಕು, ತಿಂಗಳು ಕಳೆಯುವಷ್ಟರಲ್ಲಿ ಅವೆಲ್ಲ ಬೇರೆಯಾಗಿರುತ್ತವೆ.

“ದೊಡ್ಡ ಕ್ಯಾಮೆರಾ ಬೇಕಾ?” ಅಂತಲೂ ಕೇಳುತ್ತಾರೆ. ಬೇಡ. 1957ರಲ್ಲಿ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ರಸೆಲ್ ಕರ್ಶ್ ಮೊದಲ ಬಾರಿಗೆ ಒಂದು ಫೋಟೋವನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಇಳಿಸಿದರು. ಅದಕ್ಕೆ ಅವರು ಆರಿಸಿದ್ದು ತಮ್ಮ ಪುಟ್ಟ ಮಗನ ಫೋಟೋ. ಅಗಲಕ್ಕೆ 176, ಎತ್ತರಕ್ಕೆ 176 ಚುಕ್ಕಿ, ಅಷ್ಟೇ. ಬರೀ ಕಪ್ಪು ಬಿಳುಪು. ಆದರೂ ನೋಡಿದ ಕೂಡಲೇ ಮಗುವಿನ ಮುಖ ಅಂತ ಗೊತ್ತಾಗುತ್ತದೆ. 1997ರಲ್ಲಿ ಅಮೆರಿಕದ ಸಾಫ್ಟ್‌ವೇರ್ ಉದ್ಯಮಿ ಫಿಲಿಪ್ ಕಾನ್ ಒಂದು ಡಿಜಿಟಲ್ ಕ್ಯಾಮೆರಾವನ್ನು ಮೊಬೈಲಿಗೆ ಜೋಡಿಸಿ ಆಸ್ಪತ್ರೆಯಿಂದಲೇ ಪರಿಚಿತರಿಗೆಲ್ಲ ಫೋಟೋ ಕಳಿಸಿದರು. ಅದು ಆಗತಾನೇ ಹುಟ್ಟಿದ ಅವರ ಮಗಳ ಫೋಟೋ. ಹೊಸ ಯಂತ್ರ ಕೈಗೆ ಸಿಕ್ಕಾಗ ಅಪ್ಪಂದಿರು ಮೊದಲು ನೆನೆದದ್ದು ಮಕ್ಕಳನ್ನೇ ಅನ್ನುವುದು ನನಗೆ ತುಂಬಾ ಇಷ್ಟ.

ಪ್ರತಿ ವರ್ಷ ಒಂದು ದಿನ ಮನೆಮಂದಿಯೆಲ್ಲ ಒಂದೇ ಜಾಗದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಿ. ಅದೇ ಬಾಗಿಲು, ಅದೇ ಮೆಟ್ಟಿಲು. ಮಗಳು ಬಾಗಿಲ ಚಿಲಕದ ಎತ್ತರಕ್ಕೆ ಬಂದದ್ದು, ತಮ್ಮನೋ ತಂಗಿಯೋ ಬಂದದ್ದು ಎಲ್ಲ ಅಲ್ಲಿ ಕಾಣುತ್ತದೆ. ಮಗು ಮಾತು ಬಲ್ಲಷ್ಟು ದೊಡ್ಡದಾದ ಮೇಲೆ ಅದರ ಫೋಟೋ ಬೇರೆಯವರಿಗೆ ತೋರಿಸುವ ಮುಂಚೆ ಅದನ್ನೇ ಕೇಳಿ. ಸ್ನಾನದ ಫೋಟೋಗಳು ಮನೆಯಲ್ಲೇ ಇರಲಿ.

ಕೊನೆಯದಾಗಿ ನಿಮ್ಮ ಬಗ್ಗೆ. ನಿಮ್ಮ ಮೊಬೈಲಿನಲ್ಲಿ ಮಗಳ ಫೋಟೋ ಸಾವಿರ ಇರಬಹುದು. ಅವುಗಳಲ್ಲಿ ನೀವಿರುವುದು ಎಷ್ಟು? ನನ್ನ ಬಾಲ್ಯದ ಆಲ್ಬಮ್‌ನಲ್ಲಿ ಅಪ್ಪ ಇರುವುದು ಎರಡೇ ಫೋಟೋದಲ್ಲಿ, ಉಳಿದವನ್ನೆಲ್ಲ ತೆಗೆದದ್ದು ಅವರೇ. ಒಂದು ಫೋಟೋದಲ್ಲಿ ನಾನು ಹುಲ್ಲಿನ ಮೇಲೆ ನಿಂತಿದ್ದೇನೆ. ಸಂಜೆ ಬಿಸಿಲು. ಕೆಳಗಿನಿಂದ ಉದ್ದಕ್ಕೆ ಒಂದು ನೆರಳು ಬಂದು ನನ್ನ ಕಾಲನ್ನು ಮುಟ್ಟಿದೆ. ಎರಡು ಮೊಣಕೈ ಎತ್ತಿ ಕ್ಯಾಮೆರಾ ಹಿಡಿದ ನೆರಳು. ಅಪ್ಪ ಹೋದ ಮೇಲೆ ನಾನು ಜಾಸ್ತಿ ಸಲ ತೆಗೆದು ನೋಡಿದ್ದು ಅದನ್ನೇ.

ಅದಕ್ಕೇ ಹೇಳುತ್ತಿದ್ದೇನೆ, ನಾಳೆ ಬೆಳಿಗ್ಗೆ ಮೊಬೈಲನ್ನು ಕಪಾಟಿನ ಮೇಲೆ ಒರಗಿಸಿಡಿ. ಟೈಮರ್ 10 ಸೆಕೆಂಡಿಗೆ ಇಡಿ. ಕಿಟಕಿಯ ಪಕ್ಕ ನೆಲದ ಮೇಲೆ ಅವಳ ಜೊತೆ ಕೂತು ಆಟ ಆಡಿ. ತಲೆ ಬಾಚಿರದಿದ್ದರೂ ಪರವಾಗಿಲ್ಲ. ಅವಳು ಎದ್ದು ಮೊಬೈಲಿನ ಕಡೆ ಓಡಿದರೆ ಓಡಲಿ, ಹಿಡಿಯಲು ಕೈ ಚಾಚಿದ ನೀವು ಆ ಫೋಟೋದಲ್ಲಿ ಬಂದಿರುತ್ತೀರಿ.